ಓದುವವಳ ಲೋಟ

ಇವತ್ತು ಬೆಳಿಗ್ಗೆ ಚಟ್ನಿಗೆಂದು ಶೇಂಗಾ ಡಬ್ಬಿಯ ಮುಚ್ಚಳ ತೆಗೆದೆ. ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ತಿರುವನಂತಪುರದ ಮಳೆಗಾಲ ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನೂ ಬಿಡುವುದಿಲ್ಲ. ನಿಮಗೆ ಅದು ಬರೀ ಬೂಷ್ಟಿನ ವಾಸನೆ ಅನಿಸಬಹುದು. ನನಗೆ ಅದರಲ್ಲಿ ಅವ್ವ, ಒಂದು ಆಕಳು, ಒಂದು ಲೋಟ ಹಾಲು ಕಾಣುತ್ತವೆ.

ಆಗ ನಾವು ಕೊಚ್ಚಿಯಲ್ಲಿದ್ದೆವು. ಪಾಲಾರಿವಟ್ಟಂನ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ. ಅಕ್ಕಿ, ಶೇಂಗಾ, ದನದ ಹಿಂಡಿ, ಹಾಲು, ಇವುಗಳಲ್ಲಿ ಬೂಷ್ಟು ಬಿಟ್ಟುಹೋದ ವಿಷವನ್ನು ಹುಡುಕುವುದು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಹೇಳಬಾರದ ಕಡೆಯೂ ಹೇಳುತ್ತೇನೆ, ಗ್ಯಾಸ್ ಸಿಲಿಂಡರ್ ತಂದವನಿಗೂ ಒಮ್ಮೆ ಹೇಳಿದ್ದೇನೆ. ಅವ್ವ ನನಗಿಂತ ಒಂದು ಕೈ ಮೇಲು. ಊರಲ್ಲಿ ನಮ್ಮ ಎಮ್ಮೆಯ ಹಾಲೆಲ್ಲ ಹೋಟೆಲಿಗೆ ಹೋಗುತ್ತಿತ್ತು. ಮನೆಯಲ್ಲಿ ಉಳಿಯುತ್ತಿದ್ದದ್ದು ಒಂದೇ ಲೋಟ, ಅದು ಓದುವವಳಿಗೆ. ತಮ್ಮಂದಿರು ಕರಿ ಚಹಾ ಕುಡಿಯುತ್ತ ನನ್ನ ಲೋಟವನ್ನೇ ನೋಡುತ್ತಿದ್ದರು. “ಆ ಹಾಲಿನ ಮ್ಯಾಗ ಡಿಗ್ರಿ ಆತು ನೋಡ್ರಿ” ಎಂದು ಅವ್ವ ಸಿಕ್ಕವರಿಗೆಲ್ಲ ಹೇಳುವಳು.

ನನ್ನ ಮಗಳಿಗೆ ಎರಡು ವರ್ಷ ತುಂಬಿದ ಮಳೆಗಾಲದಲ್ಲಿ ಅವ್ವ ಒಂದು ಚೀಲ ಶೇಂಗಾ ಹೊತ್ತುಕೊಂಡು ರೈಲಿನಲ್ಲಿ ಬಂದಳು. ನಮ್ಮ ಅಂಗಳದ ಗೋಡೆಯಾಚೆ ಒಬ್ಬ ಚೇಚಿ ಇದ್ದರು. ಅಕ್ಕನನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅವರು ಸಾಕಿದ ಆಕಳಿನ ಹಾಲೇ ನನ್ನ ಮಗಳಿಗೂ. ಅವ್ವನಿಗೆ ಮಲಯಾಳಂ ಬಾರದು, ಚೇಚಿಗೆ ಕನ್ನಡ ಬಾರದು, ಆದರೂ ಸಂಜೆಯೆಲ್ಲ ಗೋಡೆಗೆ ಒರಗಿ ಇಬ್ಬರದೂ ಮಾತೇ ಮಾತು. ಅದು ಹೇಗೆ ತಿಳಿಯುತ್ತದೆ ಎಂದು ಅವ್ವನನ್ನು ಕೇಳಿದರೆ, “ದನಾ ಕಟ್ಟಿದಾಕಿ ಕಷ್ಟ ದನಾ ಕಟ್ಟಿದಾಕಿಗೇ ಗೊತ್ತು, ನಿನಗೇನ ಗೊತ್ತು” ಅನ್ನುವಳು.

ಒಂದು ಸಂಜೆ ಕೆಲಸ ಮುಗಿಸಿ ಬಂದರೆ, ಅವ್ವ ಗೋಡೆಯ ಮೇಲಿಂದ ಬಾಗಿ ಆ ಆಕಳಿಗೆ ಉಡಿಯಿಂದ ಏನೋ ತಿನ್ನಿಸುತ್ತಿದ್ದಳು. ಹಸಿರು ಬೂಷ್ಟು ಹಿಡಿದ ಶೇಂಗಾ. ಊರ ರೂಢಿಯೇ ಅದು: ಗಟ್ಟಿ ಕಾಳು ಮಾರಲಿಕ್ಕೆ, ಮುರುಕು ಮನೆಗೆ, ಕೆಟ್ಟದ್ದು ಎಮ್ಮೆಗೆ.

“ಹಾಕಬ್ಯಾಡವ್ವಾ! ಅದರಾಗ ವಿಷ ಐತಿ. ಆಕಳಾ ತಿಂದ್ರ ಹಾಲಿನಾಗೂ ಬರತೈತಿ.”

“ಕಾಸಿದ್ರ ಹೋಗತೈತಿ ತಗಿ.”

“ಕಾಸಿದ್ರೂ ಹೋಗೂದಿಲ್ಲ. ಇವತ್ತ ಏನೂ ಕಾಣೂದಿಲ್ಲ. ದಿನಾ ಹೊಟ್ಟಿಗೆ ಹೋದ್ರ ಲಿವರ್ ತಿಂತೈತಿ.”

ಅವ್ವ ತಿರುಗಿ ಮೊಮ್ಮಗಳನ್ನು ನೋಡಿದಳು. ಉಡಿಯಲ್ಲಿ ಉಳಿದದ್ದನ್ನು ಬಿಗಿಯಾಗಿ ಗಂಟು ಕಟ್ಟಿದಳು. ಚೇಚಿಗೆ ನಾನೇ ಎಲ್ಲ ತಿಳಿಸಿ ಹೇಳಿದೆ. “ಪ್ರೀತಿಯಿಂದ ಕೊಟ್ಟದ್ದಲ್ಲವೇ, ಅಮ್ಮನನ್ನು ಬೈಯಬೇಡ ಮಗಳೇ” ಎಂದು ಅವರು ಮಲಯಾಳಂನಲ್ಲಿ ನನ್ನನ್ನೇ ಗದರಿದರು. ಮುಂದಿನ ಕೆಲವು ದಿನದ ಹಾಲನ್ನು ಗೊಣಗದೆ ತೆಂಗಿನ ಬುಡಕ್ಕೆ ಸುರಿದರು.

ಅವತ್ತು ಊಟಕ್ಕೆ ಕೂತಾಗ ಅವ್ವ ತಟ್ಟೆ ಮುಟ್ಟಲಿಲ್ಲ.

“ಹಂಗಾದ್ರ ಯವ್ವಾ, ಓದೂವಾಗ ನಿನಗ ಕೊಟ್ಟ ಹಾಲು?”

ಊರೆಲ್ಲರ ಹಾಲಿಗೆ ವರದಿ ಬರೆಯುವವಳಿಗೆ ಈ ಒಂದು ಲೋಟದ ಉತ್ತರ ಗೊತ್ತಿರಲಿಲ್ಲ. ನಮ್ಮದು ಒಣಸೀಮೆ, ಬಿಸಿಲಿಗೆ ಚೆನ್ನಾಗಿ ಒಣಗಿದ ಕಾಳಿಗೆ ಬೂಷ್ಟು ಕಡಿಮೆ. ವಿಷ ಇದ್ದಿರಲಿಕ್ಕಿಲ್ಲ. ಇದ್ದಿರಲೂಬಹುದು.

“ಆ ಹಾಲು ಈಗ ಎಲ್ಲಿಂದ ತಂದು ಪರೀಕ್ಷಾ ಮಾಡ್ಲಿ? ಅದರ ರಿಪೋರ್ಟ್ ಅಂದ್ರ ನಾನ. ನೋಡು, ಕಲ್ಲಿನಂಗ ಅದೇನಿ.”

“ಕಲ್ಲಲ್ಲ, ರುಬ್ಬೂ ಗುಂಡ” ಎಂದು ನಕ್ಕಳು.

ನಕ್ಕಳು ನಿಜ. ಆದರೆ ಆಮೇಲೆ ಅವ್ವ ಯಾರಿಗೂ “ಹಾಲು ಕುಡಿ” ಅಂದದ್ದನ್ನು ನಾನು ಕೇಳಲಿಲ್ಲ, ಮೊಮ್ಮಗಳಿಗೂ ಅನ್ನಲಿಲ್ಲ. ಡಿಗ್ರಿಯ ಕತೆಯಿಂದಲೂ ಹಾಲು ಬಿಟ್ಟುಹೋಯಿತು. “ತಾನ ಓದಿದಳ್ರಿ” ಅನ್ನತೊಡಗಿದಳು. ಅವಳೇ ಕೊಡಿಸಿದ ಓದು ಅವಳ ಕೈಯಿಂದ ಆ ಲೋಟವನ್ನು ಕಿತ್ತುಕೊಂಡಿತ್ತು.

“ಕಳಯಣೋ ಅಮ್ಮೇ?” ಇವತ್ತು ಬೆಳಿಗ್ಗೆ ಡಬ್ಬಿಯೊಳಗೆ ಇಣುಕಿ ಮಗಳು ಕೇಳಿದಳು. ಎಸೆಯಬೇಕಾ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳಂ. ಹೂಂ ಎಂದೆ. ಅವಳ ಲೋಟಕ್ಕೆ ಹಾಲು ಬಗ್ಗಿಸಿದೆ, ಏನನ್ನಿಸಿತೋ, ಇನ್ನೊಂದು ಲೋಟಕ್ಕೂ ಬಗ್ಗಿಸಿ ಊರಿಗೆ ಫೋನ್ ಮಾಡಿದೆ.

“ಶೇಂಗಾ ಬೂಷ್ಟ ಹಿಡದಿದ್ವವ್ವ, ಚೆಲ್ಲಿದೆ.”

“ಚಲೋ ಮಾಡಿದಿ.”

“ಹಾಲು ಕಾಸೀನಿ. ಕುಡಿ ಅಂತ ಒಮ್ಮೆ ಅನ್ನವ್ವಾ.”

ಆ ಕಡೆ ಅವ್ವ ಟಿವಿ ಆರಿಸಿದ್ದು ಕೇಳಿಸಿತು. ಮತ್ತೆ, ಹಳೆಯ ಜೋರಿನಲ್ಲೇ: “ಬೆಲ್ಲಾ ಹಾಕ್ಕೊಂಡು ಕುಡಿ. ಕೆನಿ ತಗೀಬ್ಯಾಡ. ನಿಂತ ಕುಡೀಬ್ಯಾಡ, ಕುಂತ ಕುಡಿ.”

ನಾನು ಕೂತೆ.