ಸಾಲಿಂ ಅವರ ಜೇನು ಯಾವ ದೇಶದ್ದು?

ಒಮಾನ್‌ನ ರೂವಿಯಲ್ಲಿ, ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಕಚೇರಿಯೊಂದರಲ್ಲಿ ಡಾಕ್ಯುಮೆಂಟೇಶನ್ ಮ್ಯಾನೇಜರ್ ಆಗಿ ಅದು ನನ್ನ ಹನ್ನೆರಡನೆಯ ವರ್ಷ. ಕಸ್ಟಮ್ಸ್ ಕಾಯಿದೆ ಬಾಯಿಪಾಠ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದ್ದು ರುಸ್ತಾಕ್‌ನ ಜೇನು ಸಾಕಣೆಗಾರ ಸಾಲಿಂ ಅವರ ನಾನೂರು ಬಾಟಲಿ ಜೇನು.

ಗಡಿಯಾಚೆ ಅಲ್ ಐನ್‌ನ ಅಂಗಡಿಯೊಂದು ಅವರಿಗೆ ಮೊದಲ ಬಾರಿ ದೊಡ್ಡ ಆರ್ಡರ್ ಕೊಟ್ಟಿತ್ತು. 'ಫ್ರೀ ಝೋನ್‌ನಲ್ಲಿ ಪ್ಯಾಕ್ ಮಾಡಿಸಿ, ಯಂತ್ರಕ್ಕೂ ಬಾಟಲಿಗೂ ಸುಂಕವಿಲ್ಲ' ಎಂದು ಸಲಹೆ ಕೊಟ್ಟವನು ನಾನೇ. ಇಡೀ ಹಂಗಾಮಿನ ಜೇನು ಅಲ್ಲಿಗೆ ಹೋಯಿತು. ಕೊಲ್ಲಿ ದೇಶಗಳು ತಮ್ಮಲ್ಲಿ ತಯಾರಾದ ಸರಕಿಗೆ ಪರಸ್ಪರ ಸುಂಕ ಹಾಕುವುದಿಲ್ಲ. ಮುಂದಿನದು ಸಲೀಸು ಎಂದುಕೊಂಡೆ.

ಲಾರಿ ಬುರೈಮಿಯ ಗಡಿಯಲ್ಲಿ ನಿಂತಿತು. ಫ್ರೀ ಝೋನ್ ಇರುವುದು ಒಮಾನ್ ನೆಲದಲ್ಲೇ ಆದರೂ ಸುಂಕದ ಕಾನೂನಿನಲ್ಲಿ ಅದು ದೇಶದ ಹೊರಗೆ. ಅಲ್ಲಿಂದ ಬಂದದ್ದು ವಿದೇಶಿ ಸರಕು. ಸುಂಕ ಕಟ್ಟಲು ಸಾಲಿಂ ತಯಾರಿದ್ದರು. ಆದರೆ ಅಂಗಡಿಗೆ ಬೇಕಿದ್ದದ್ದು ಒಮಾನಿ ಜೇನು, ಅದಕ್ಕೆ ಮೂಲದೇಶದ ಪ್ರಮಾಣಪತ್ರ ಬೇಕು. ಅದನ್ನು ಕೊಡುವ ಕಚೇರಿ 'ಮಾಲು ಝೋನ್‌ನಿಂದ ಬಂದಿದೆ, ಅಲ್ಲಿ ಕೇಳಿ' ಎಂದಿತು. ಝೋನ್‌ನವರು 'ಬಾಟಲಿಗೆ ತುಂಬಿದ ಮಾತ್ರಕ್ಕೆ ಇಲ್ಲಿ ತಯಾರಿಸಿದಂತಲ್ಲ' ಎಂದರು. ಕಾಯಿದೆ ಓದಿ ನೋಡಿದರೆ ಇಬ್ಬರದೂ ಸರಿ. ನನ್ನ ತಲೆ ಕೆಟ್ಟುಹೋಯಿತು.

"ಎಂತ ಸರ್ ಇದು?" ಎಂದರು ಉಡುಪಿ ಕಡೆಯ ಸಹೋದ್ಯೋಗಿ ಲವೀನಾ. "ಹೂ ಇಲ್ಲಿದ್ದು, ನೊಣ ಇಲ್ಲಿದ್ದು, ಜೇನು ಮಾತ್ರ ಯಾವ ಊರಿದ್ದು ಅಂತ ಗೊತ್ತಿಲ್ವಾ ಮಾರಾಯ್ರೆ?"

ನನಗೂ ಗೊತ್ತಿರಲಿಲ್ಲ. ಅಂಗಡಿಯವರು ಒಂದು ವಾರ ಕಾದು ಆರ್ಡರ್ ರದ್ದು ಮಾಡಿದರು. ಮಾಲನ್ನು ಮನೆಗೆ ಒಯ್ಯಲು ಉಳಿದದ್ದು ಒಂದೇ ದಾರಿ. ಸಾಲಿಂ ತಮ್ಮ ಜೇನನ್ನು ತಾವೇ ಆಮದು ಮಾಡಿಕೊಳ್ಳಬೇಕು.

ಆಮದಿನ ಅರ್ಜಿ ಮುಂದಿಟ್ಟಾಗ ಅವರು ಹಿಂದಿಯಲ್ಲಿ ಕೇಳಿದರು, "ಭಾಯಿ, ಇದನ್ನು ನಾನು ಯಾವ ದೇಶದಿಂದ ತರಿಸುತ್ತಿದ್ದೇನೆ?"

ಸಹಿ ಹಾಕಬೇಕಾದ ಜಾಗವನ್ನು ತೋರಿಸಿದೆ. "ಖಲಾಸ್" ಎಂದು ಸಹಿ ಹಾಕಿದರು. ಮಾಲು ಬಿಡುಗಡೆಯಾದ ದಿನ ಒಂದು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟರು. "ತಗೊಳ್ಳಿ. ನೀವೂ ಹೊರಗಿನವರು, ಇದೂ ಹೊರಗಿನದ್ದು." ತಮಾಷೆಯೋ, ಸಂಕಟವೋ ಮುಖ ನೋಡಿದರೆ ತಿಳಿಯಲಿಲ್ಲ. ನನಗಂತೂ ಚುಚ್ಚಿತು.

ಎಡವಿದ್ದು ಎಲ್ಲಿ ಎಂಬುದು ಇಂದಿಗೂ ನನಗೆ ಪೂರ್ತಿ ಸ್ಪಷ್ಟವಿಲ್ಲ. ಕಾಯಿದೆ ಓದಿರುವುದು ಬೇರೆ, ಅದನ್ನು ನಂಬಿ ಇನ್ನೊಬ್ಬರ ವರ್ಷದ ದುಡಿಮೆಯನ್ನು ಅದರೊಳಕ್ಕೆ ಕಳಿಸುವುದು ಬೇರೆ. ಈಗ ಯಾರೇ ಫ್ರೀ ಝೋನ್ ಬಗ್ಗೆ ಕೇಳಿದರೂ ಮಾಲು ಹೊರಬರುವ ದಾರಿಯನ್ನು ಮೊದಲು ಹುಡುಕುತ್ತೇನೆ. ಸಿಗದಿದ್ದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಸಾಲಿಂ ಅವರಿಗೆ ಮೊದಲ ದಿನವೇ ಹೇಳಬೇಕಿದ್ದ ಮಾತು ಅದು.