ಊರಿಗಿಲ್ಲದ ಹೊಳೆ

ಪಾಪಯ್ಯ, ನೀನು ಬರೆದದ್ದನ್ನು ನಿನ್ನದಲ್ಲ ಎಂದವನು ನಾನು. ಇದು ನಿನಗೆ ಗೊತ್ತು. ಅದನ್ನೇ ಆಮೇಲೆ ನನ್ನದು ಎಂದವನೂ ನಾನೇ — ಇದು ನಿನಗೆ ಗೊತ್ತಿಲ್ಲ.

ಕ್ಷಮೆ ಕೇಳುವ ಧ್ವನಿ ನನಗೆ ಬರುತ್ತಿಲ್ಲ. ಬರೆಯಲು ಕೂತರೆ ಮೊದಲು ಬರುವುದು ಸಿಟ್ಟು — ಮೇಷ್ಟ್ರ ಮೇಲೆ, ಶಾಲಾ ತನಿಖೆಯ ಸಾಹೇಬರ ಮೇಲೆ, ನಿನ್ನ ಮೇಲೂ. ಎಲ್ಲರ ಹಾಗೆ ನೀನೂ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಎಷ್ಟು ಸಲ ಹಾಗೆಂದುಕೊಂಡಿದ್ದೇನೆ. ನಿನ್ನದೇ ತಪ್ಪು ಎಂದು ರುಜುವಾತು ಮಾಡಲು ಎಷ್ಟು ಸಲ — ಇರಲಿ.

ಮೊಳಕಾಲ್ಮೂರಿನ ನಮ್ಮ ಶಾಲೆಯ ಪದ್ಧತಿ ನಿನಗೆ ನೆನಪಿರಬೇಕು. ಮೇಷ್ಟ್ರು ಹೊಳೆಸಾಲಿನ ಕಡೆಯಿಂದ ವರ್ಗವಾಗಿ ಬಂದವರು. ಬರುವಾಗ ‘ನಮ್ಮ ಊರು’ ಎಂಬ ಪ್ರಬಂಧವನ್ನೂ ಅಲ್ಲಿಂದಲೇ ತಂದಿದ್ದರು. ‘ನಮ್ಮ ಊರಿನ ಪೂರ್ವಕ್ಕೆ ತುಂಬಿದ ಹೊಳೆ ಹರಿಯುತ್ತದೆ. ಅದರ ದಡದಲ್ಲಿ ತೆಂಗಿನ ಮರಗಳು ಸಾಲಾಗಿ ನಿಂತಿವೆ.’ ತನಿಖೆಗೆ ಬರುವ ಸಾಹೇಬರು ಪ್ರತಿವರ್ಷ ಕೇಳುತ್ತಿದ್ದುದು ಇದೇ ಪ್ರಬಂಧ. ನಾವು ಬಾಯಿಪಾಠ ಮಾಡಬೇಕು, ಅವರ ಮುಂದೆ ಸ್ಲೇಟಿನ ಮೇಲೆ ಇಳಿಸಬೇಕು. ನಾನು ತರಗತಿಯ ಮಾನಿಟರ್. ಒಬ್ಬೊಬ್ಬನ ಪಾಠ ಕೇಳಿ, ತಪ್ಪಿಗೊಂದು ಗೀಟಿನಂತೆ ಗೋಡೆಯ ಮೇಲೆ ಎಳೆಯುವುದು ನನ್ನ ಕೆಲಸ. ನನ್ನ ಹೆಸರಿನ ಮುಂದೆ ಗೀಟಿರಲಿಲ್ಲ. ಅದೇ ನನ್ನ ದೊಡ್ಡಸ್ತಿಕೆ.

ನೀನು ಒಬ್ಬನೇ ಎದ್ದು ಕೇಳಿದೆ: “ಸ್ವಾಮಿ, ನಮ್ಮೂರಾಗೆ ಹೊಳೆ ಎಲ್ಲೈತೆ?”

“ಪರೀಕ್ಷೆಯಲ್ಲಿದೆ ಕಣೋ,” ಎಂದರು ಮೇಷ್ಟ್ರು. “ಬಾಯಿ ಮುಚ್ಚಿಕೊಂಡು ಕಲಿ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನೀನು ನಮ್ಮ ನೂಲಿನ ಅಂಗಡಿಯ ಜಗಲಿಯಲ್ಲಿ ಮಲಗಿ ಶಾಲೆಗೆ ಬರುತ್ತಿದ್ದೆ. ತನಿಖೆಯ ಹಿಂದಿನ ಸಂಜೆ ಅಲ್ಲೇ, ನನ್ನ ಎದುರೇ ಕೂತು ಬರೆದೆ, ಓದಿ ತೋರಿಸಿದೆ: ‘ನಮ್ಮ ಊರು ಸಿದ್ದಾಪುರ. ಅಲ್ಲಿ ಹೊಳೆ ಇಲ್ಲ, ದೊಡ್ಡ ಕಲ್ಲುಗುಂಡು ಇದೆ. ಗುಂಡಿನ ಮೇಲೆ ಯಾರೂ ಓದಲಾರದ ಅಕ್ಷರ ಇದೆ. ದನಕ್ಕೆ ರೋಗ ಬಂದರೆ ಆ ಅಕ್ಷರದ ಮೇಲೆ ನೀರು ಹುಯ್ದು, ಇಳಿದ ನೀರನ್ನು ಕುಡಿಸುತ್ತೇವೆ. ನಮ್ಮ ಎಮ್ಮೆ ಕುಡಿದಷ್ಟು ಅಕ್ಷರವನ್ನು ನಮ್ಮಪ್ಪ ಕುಡಿದಿಲ್ಲ.’

ನಗು ಬಂತು. ನಗು ಮುಗಿದ ಮೇಲೆ ಹೊಟ್ಟೆ ಉರಿಯಿತು. ಆ ಕೊನೆಯ ಮಾತು ಏಳು ಜನ್ಮ ಎತ್ತಿದರೂ ನನಗೆ ಹೊಳೆಯುವುದಲ್ಲ — ಅದು ಆಗಲೇ ನನಗೆ ತಿಳಿಯಿತು.

ಮರುದಿನ ಸಾಹೇಬರು ಬಂದರು. ಬರೀ ಕಲ್ಲು-ಜಾಲಿಯ ದಾರಿಯಲ್ಲಿ ಗಾಡಿ ಕುಲುಕಿಸಿಕೊಂಡು ಬಂದ ಮನುಷ್ಯ ಸ್ಲೇಟಿನಿಂದ ಸ್ಲೇಟಿಗೆ ಹೊಳೆ ನೋಡುತ್ತ ತಲೆದೂಗಿದರು. ನಿನ್ನ ಸ್ಲೇಟಿನ ಮುಂದೆ ಮಾತ್ರ ನಿಂತುಬಿಟ್ಟರು.

“ಇದನ್ನು ಯಾರು ಬರೆದರು?”

“ನಾನೇ ಸ್ವಾಮಿ.”

“ಇವನಿಗೆಲ್ಲಿ ಬರಬೇಕು ಸ್ವಾಮಿ,” ಎಂದು ಮೇಷ್ಟ್ರು ಬೆವರಿದರು. ಸಾಹೇಬರು ನನ್ನತ್ತ ತಿರುಗಿದರು. ಮಾನಿಟರನ ಮಾತಿಗೆ ಅಲ್ಲಿ ಬೆಲೆಯಿತ್ತು.

ಹೆದರಿ ಹೇಳಿದೆ ಎಂದು ಈವರೆಗೆ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಹೆದರಿಕೆ ಇರಲಿಲ್ಲ. ಒಂದು ತಪ್ಪೂ ಇಲ್ಲದ ನನ್ನ ಸ್ಲೇಟನ್ನು ಅವರು ಅರೆಗಣ್ಣಿನಲ್ಲಿ ದಾಟಿ ಬಂದಿದ್ದರು —

“ಯಾರೋ ಬರೆದುಕೊಟ್ಟಿದ್ದಾರೆ ಸ್ವಾಮಿ. ಇವನು ಉರು ಹೊಡೆದು ಬಂದಿದ್ದಾನೆ.”

“ಲೇ ಶಾಂತ, ನಿನ್ ಮುಂದೇ ಅಲ್ವೇನ್ಲೇ ಬರ್ದಿದ್ದು?” ಎಂದೆ ನೀನು. ನಾನು ಗೋಡೆ ನೋಡಿದೆ. ಮೇಷ್ಟ್ರು ನಿನ್ನ ಸ್ಲೇಟು ಕಿತ್ತುಕೊಂಡು ಅಂಗೈಯಲ್ಲಿ ಒರೆಸಿದರು. ಮೇಲಿನ ತರಗತಿ ನಿನಗೆ ತಪ್ಪಿತು. ನಿಮ್ಮಪ್ಪ ಬಂದು ನಮ್ಮ ಜಗಲಿಯಿಂದ ನಿನ್ನ ಕಂಬಳಿ ಎತ್ತಿಕೊಂಡರು. “ಕದ್ದು ಬರಿಯಾದ್ಕಿಂತ ಕುರಿ ಕಾಯಾದು ವಾಸಿ, ನಡಿ,” ಎಂದರು. ಅವರೂ ನಂಬಿದ್ದರು. ಅವರು ಹಾಗೆನ್ನುವಾಗ ನಾನು ಬಾಗಿಲ ಹಿಂದಿದ್ದೆ.

ದಿನಚರಿ ಇಡುವವನು ನಾನು, ಒಂದು ದಿನವೂ ಬಿಟ್ಟವನಲ್ಲ. ಆ ದಿನದ ಮುಂದೆ ಬರೆದದ್ದು ಇಷ್ಟೇ: ‘ತನಿಖೆ ಮುಗಿಯಿತು. ನನ್ನ ತಪ್ಪು: ಇಲ್ಲ.’

ಈಗ ಎರಡನೆಯದು. ಈ ವರ್ಷ, ನಾನೀಗ ಓದುವ ಚಳ್ಳಕೆರೆಯ ಶಾಲೆಯಲ್ಲಿ ಹೊಸ ಹೆಡ್‌ಮಾಸ್ಟರು, ಯಾವ ಪಾಠವನ್ನೂ ನೋಡದೆ, ಕಣ್ಣಾರೆ ಕಂಡದ್ದನ್ನು ಸ್ವಂತವಾಗಿ ಬರೆಯಿರಿ ಎಂದರು. ನಾನು ಕೂತೆ. ನನ್ನೊಳಗಿನಿಂದ ಬಂದದ್ದು ಆ ಹಾಳು ಹೊಳೆಯೊಂದೇ. ಹದಿನೇಳು ವರ್ಷ ಕಣ್ಣು ಬಿಟ್ಟುಕೊಂಡು ಬದುಕಿದವನಿಗೆ ತಾನು ಕಂಡದ್ದೊಂದೂ ಇಲ್ಲ! ಕೊನೆಗೆ ನಿನ್ನದು ಬಂತು. ಒಂದು ಸಲ ಕೇಳಿದ್ದು ಅಕ್ಷರ ತಪ್ಪದೆ ಬಂತು — ಅಂಥ ತಾಲೀಮು ನನ್ನದು. ಲೆಕ್ಕ-ಪತ್ರ ಎಲ್ಲ ಬಲ್ಲ ನನ್ನ ಅಪ್ಪನನ್ನು ಅಕ್ಷರ ಕುಡಿಯದವನೆಂದು ಬರೆದು ಕೊಟ್ಟೆ.

ಹೆಡ್‌ಮಾಸ್ಟರು ಅದನ್ನು ಎಲ್ಲ ತರಗತಿಗಳಲ್ಲಿ ಓದಿಸಿದರು. “ಸ್ವಂತ ಬುದ್ಧಿ ಅಂದರೆ ಇದು,” ಎಂದರು. ಮುಂದಿನ ವಾರ ಹುಡುಗರೆಲ್ಲ ಕಲ್ಲು-ಎಮ್ಮೆಗಳನ್ನೇ ಬರೆದು ತಂದರು. ಒಬ್ಬನಂತೂ ತನ್ನೂರು ಕುದಾಪುರದ ಬರೀ ಕಲ್ಲಿಗೂ ಬರಹದಲ್ಲೇ ಅಕ್ಷರ ಕೆತ್ತಿಸಿಬಿಟ್ಟ.

ಅದೇ ತಿಂಗಳು ರಜೆಗೆ ಊರಿಗೆ ಬಂದಾಗ ಸಂತೆಯಲ್ಲಿ ನೀನು ಕುರಿ ಹಿಡಿದು ನಿಂತಿದ್ದೆ.

“ಏನ್ಲೇ ಶಾಂತ, ಹೊಳೇನ ಚಳ್ಳಕೆರೆಗೂ ಹೊತ್ಕಂಡ್ ಹೋದ್ಯಾ, ಇಲ್ಲೇ ಬಿಟ್ಟೋದ್ಯಾ?”

ಈಗಲೂ ಬರೆಯುತ್ತೀಯಾ ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಬರ್ದ್ರೆ ಕದ್ದಿದ್ದು ಅಂತೀರಿ. ಕುರಿಗಾದ್ರೆ ಗುರ್ತಿಗೆ ಕಿವಿಗೆ ಕಚ್ಚು ಹಾಕಿರ್ತೀನಿ. ನಂದು ಅಂದ್ರೆ ಸಂತೆನೇ ಒಪ್ತೈತೆ. ಜಾಗ ಬಿಡು, ಗಿರಾಕಿ ಬಂದ್ರು.”

ಹೇಳಬಹುದಿತ್ತು. ಜಾಗ ಬಿಟ್ಟೆ.

ನಿನ್ನೆ ಶಾಲೆಯ ಸಭೆಯಲ್ಲಿ ‘ಸ್ವಂತ ಬುದ್ಧಿ’ ಎಂಬ ವಿಷಯವಾಗಿ ಮಾತಾಡಲು ನನ್ನನ್ನೇ ನಿಲ್ಲಿಸಿದರು. ಆ ಪ್ರಬಂಧ ಸಿದ್ದಾಪುರದ ಪಾಪಯ್ಯನದು, ಕದ್ದವನು ನಾನು ಎಂದು ಹೇಳಿ ಕೂತೆ. ಹೆಡ್‌ಮಾಸ್ಟರು ಕೇಳಿದರು: “ಈ ಮಾತಾದರೂ ನಿನ್ನದೋ, ಇದನ್ನೂ ಯಾರಾದರೂ ಹೇಳಿಕೊಟ್ಟರೋ?”

ಹುಡುಗರು ನಗಲಿಲ್ಲ, ಪಕ್ಕದವನು ಬೆಂಚಿನ ತುದಿಗೆ ಸರಿದು ಕೂತ.

ಸೋಮವಾರ ಸಿದ್ದಾಪುರಕ್ಕೆ ಬರುತ್ತೇನೆ. ನಿನ್ನನ್ನು ನೋಡಲು ಅಲ್ಲ. ನೀನು ಬೈದರೂ ಸರಿ, ನಾಯಿ ಬಿಟ್ಟರೂ ಸರಿ. ನಿಮ್ಮಪ್ಪನಿಗೆ ಹೇಳಬೇಕು — ನಿಮ್ಮ ಮಗ ಕದ್ದಿರಲಿಲ್ಲ ಎಂದು. ಅವರು ಅಷ್ಟನ್ನು ಕೇಳುವವರೆಗೆ ನಾನು ನಿಮ್ಮ ಅಂಗಳ ಬಿಟ್ಟು ಕದಲುವುದಿಲ್ಲ.