ಪಂಚಾಕ್ಷರಿಯವರು ಉತ್ತರ ಕೊಡುವುದಿಲ್ಲ

ರಾಜಾಜಿನಗರದ ನಮ್ಮ ಬೀದಿಯ ಪಂಚಾಕ್ಷರಿಯವರನ್ನು “ತಿಂಡಿ ಆಯ್ತಾ ಸಾರ್?” ಎಂದು ಕೇಳಿದರೂ “ಯಾಕೆ ಕೇಳ್ತೀರಿ?” ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಕೂಡಿಟ್ಟ ಜನರ ವಿವರಗಳನ್ನು ಕಾಯುವುದು ಹೇಗೆಂಬುದು ಅವರ ಸಂಶೋಧನೆ. ಈ ೧೯೭೭ನೇ ಇಸವಿಯಲ್ಲಿ ಬೀದಿಯ ಯಾರೂ ಕಂಪ್ಯೂಟರನ್ನೇ ಕಂಡಿಲ್ಲ. ಇವರಾಗಲೇ ಅದಕ್ಕೆ ಬೀಗ ಹುಡುಕುತ್ತಿದ್ದಾರೆ. ಹಾಲಿನ ಬೂತಿನ ಸಾಲಿನಲ್ಲೂ ಅದೇ ಪಾಠ: “ಗುಟ್ಟನ್ನ ಯಾರೂ ನೇರವಾಗಿ ಕೇಳಲ್ಲ ಕಣ್ರೀ. ನಾಲ್ಕು ಸಾದಾ ಪ್ರಶ್ನೆ ಕೇಳಿ, ಉತ್ತರಗಳನ್ನ ಜೋಡಿಸ್ಕೋತಾರೆ. ಯಂತ್ರ ಅದನ್ನ ತಡೀಬೇಕು.” ಇದನ್ನು ಹೇಳಿ ನಾನು ನಕ್ಕಾಗ ಅವರ ತಂಗಿ ಜಗದಾಂಬಾ ನಗಲಿಲ್ಲ. “ನಾನು ಕ್ಷಯದ ಆಸ್ಪತ್ರೇಲಿದ್ದಾಗ ನನಗೆ ಗೊತ್ತುಮಾಡಿದ್ದ ಗಂಡಿನ ಕಡೆಯೋರು ಒಬ್ಬೊಬ್ಬರಾಗಿ ಅಣ್ಣನ ಹತ್ರ ಬಂದು, ಭಾನುವಾರ ಯಾವ ಬಸ್ಸು ಹತ್ತೀರಿ, ಫ್ಲಾಸ್ಕಲ್ಲೇನಿದೆ, ತಂಗಿ ಯಾವಾಗಿಂದ ಊರಲ್ಲಿಲ್ಲ ಅಂತ ಕೇಳಿದ್ರು. ಅಣ್ಣ ಎಲ್ಲಕ್ಕೂ ನಿಜಾನೇ ಹೇಳ್ದ. ಮದುವೆ ಮುರೀತು. ಆಸ್ಪತ್ರೆ ಅನ್ನೋ ಮಾತನ್ನ ಮಾತ್ರ ಅವನು ಯಾರಿಗೂ ಹೇಳಿರ್ಲಿಲ್ಲ.”